ಹೊನ್ನವ್ವನ ಗುಡ್ಡದ ಮೂರನೇ ಬಾವಿ

ಜೂನ್ 19, ಬುಧವಾರ

ಈ ಡೈರಿ ಬೀಜದ ಕಂಪನಿಯವರು ಕೊಟ್ಟದ್ದು. ರಾಣೆಬೆನ್ನೂರಿಗೆ ಗೋವಿನಜೋಳದ ಬೀಜಾ ತರಾಕ ಹೋದಾಗ ಇವರು ಹಲ್ಲು ಕಿಸಕೊಂತ ಇಸಕೊಂಡು ಬಂದಿದ್ರು. "ನೀ ಅಂಗನವಾಡಿ ಟೀಚರ್ ಇದ್ದಾಕಿ, ಏನರ ಬರಿ" ಅಂದ್ರು. ನಾ ಮುಂದಿನ ಹಾಳಿ ಹರದು ಒಲಿ ಹೊತ್ತಿಸಿದೆ. ಇವತ್ತ ಹುಡುಕಿ ತಗದೇನಿ.

ಯಾಕಂದ್ರ ಪೊಲೀಸ್ ಠಾಣೆದಾಗ ಮಾನಾ ಹೋತು. ಹೋದ ಬುಧವಾರ ಹೊನ್ನವ್ವನ ಗುಡ್ಡಕ್ಕ ಹೋದವರು ಇನ್ನೂ ಮನಿಗೆ ಬಂದಿಲ್ಲ. ಯಾವ ಅಂಗಿ, ಏನ ಉಂಡ್ರು, ಹೋಗೋ ಮುಂದ ಏನ ಅಂದ್ರು ಅಂತ ಸಾಹೇಬ್ರು ಕೇಳಿದ್ರ ಒಂದೂ ನೆಟ್ಟಗ ನೆನಪಿಗೆ ಬರಲಿಲ್ಲ. ಗಂಡನ ಹೆಸರು ಏನ್ರಿ ಅಂದ್ರು. ಸುಮ್ಮನ ನಿಂತೆ. "ಹೆಸರಿಲ್ಲದ ಹುಡಕೂದು ಹೆಂಗ್ರಿ ಅಮ್ಮಾ" ಅಂತ ಒದರಿದ್ರು. ಮದಿವ್ಯಾಗ, ಕುಬಸದಾಗ ಒಡಪಿನ ಪದಾ ಕಟ್ಟಿ ಹೇಳಿದ್ದು ಬಿಟ್ರ ಆ ಹೆಸರು ನನ್ನ ಬಾಯಾಗ ಬಂದದ್ದಿಲ್ಲ. ಠಾಣೆದಾಗ ನಿಂತು ಒಡಪು ಹೇಳಬೇಕಿತ್ತೇನು? ಕಡೀಕ ಮೈದುನ ಗುಡದಪ್ಪ ಹೇಳಿದ. ಇಲ್ಲೂ ನಾ ಬರಿಯೂದಿಲ್ಲ.

ಆ ಗುಡ್ಡದಾಗ ಇಂಗ್ಲಿಷರ ಕಾಲದಾಗ ಬಂಗಾರ ತಗೀತಿದ್ರಂತ. ಈಗ ಉಳದದ್ದು ಒಂದು ಇಟ್ಟಂಗಿ ಚಿಮಣಿ, ದೊರಿ ಬಂಗಲೇದ ಮುರಕ ಗೋಡಿ, ಮತ್ತ ಬಾಯಿ ತಕ್ಕೊಂಡು ಕುಂತ ಬಾವಿಗಳು. ನೀರಿನ ಬಾವಿ ಅಲ್ಲ, ಗಣಿಗೆ ಇಳಿಯಾಕ ತೋಡಿದ್ದು. ಇವರು ಫಾರೆಸ್ಟಿನಾಗ ವಾಚರ್ ಇದ್ದು ರಿಟೈರ್ ಆದವರು. ಇಲಾಖೆಯವರು ಅಲ್ಲಿ ಮಂದಿ ಅಡ್ಯಾಡಾಕ ದಾರಿ ಮಾಡಿ ಬೋರ್ಡ್ ನೆಟ್ಟ ಮ್ಯಾಲೆ, ಬಂದವರಿಗೆ ದಾರಿ ತೋರಸಾಕ ಇವರನ್ನ ಹಚ್ಚಿದ್ರು. ರವಿವಾರ ಬಂತಂದ್ರ ಈ ಮನಿಶ್ಯಾಗ ಮನಿ ನೆನಪ ಇರೂದಿಲ್ಲ. ನಾ ಆ ಗುಡ್ಡಕ್ಕ ಸವತಿ ಅಂತನ ಕರೀತೇನಿ.

ಹುಡಕಾಕ ಗುಡ್ಡಾ ಹತ್ತಿದ ಗುಡದಪ್ಪ ಬಂದು ಹೇಳಿದ, ಮೂರನೇ ಬಾವಿ ಮಗ್ಗಲಕ ಇವರ ಕೈಯಾಗಿನ ಬಡಿಗಿ ಮತ್ತಿ ಗಿಡಕ್ಕ ಆನಿಸಿ ಇಟ್ಟಿತ್ತಂತ. ಬಾವಿ ಸುತ್ತ ಮುಳ್ಳಿನ ಬೇಲಿ ಅರ್ಧಾ ಹಾಕಿತ್ತು, ಉಳದ ಮುಳ್ಳು ಹಂಗ ಬಿದ್ದಿತ್ತು. ಇವರು ಹೋಗೋ ಹಿಂದಿನ ದಿನ ಜೋರು ಮಳಿ. ಬಾವಿ ದಂಡಿ ಒಂದ ಕಡೆ ಜರದಿತ್ತು. ಅಗ್ನಿಶಾಮಕದವರು ಹಗ್ಗಕ್ಕ ಕ್ಯಾಮೆರಾ ಕಟ್ಟಿ ಬಿಟ್ರು. ಕೆಳಗ ನೀರು, ಕೆಸರು, ಜರದು ಬಿದ್ದ ಕಲ್ಲು. ಒಳಗಿನ ಗಾಳಿ ಕೆಟ್ಟೈತಿ, ಮನಶೇರು ಇಳಿಯಾಕ ಬರೂದಿಲ್ಲ ಅಂತ ಹಗ್ಗಾ ಸುತಗೊಂಡು ಹೋದ್ರು. ಮನಿಗೆ ಬಂದವರೆಲ್ಲಾ ನನ್ನ ಮುಖಾ ನೋಡಾಕತ್ರು.

ನೋಡೂದೇನು? ನಾ ಎಲ್ಲಾರಿಗೂ ಹೇಳಿದ್ದು ಒಂದ ಮಾತು. ಅವತ್ತ ಮುಂಜಾನೆ ಇವರು ಖಡಕ್ ರೊಟ್ಟಿ ಕಟ್ಟು ಅಂದ್ರು. ಗುಡ್ಡಕ್ಕ ಒಯ್ಯೂದು ಯಾವಾಗ್ಲೂ ಮೆತ್ತನ್ನ ರೊಟ್ಟಿ, ಬದನಿಕಾಯಿ ಪಲ್ಯಾ. ಮುಂದಿನ ಹಲ್ಲು ಅಳ್ಳಾಡತಾವ, ಖಡಕ್ ರೊಟ್ಟಿ ಮುಟ್ಟೂದಿಲ್ಲ. ಖಡಕ್ ರೊಟ್ಟಿ ಕಟಿಸಿಕೊಳ್ಳೂದು ದೂರ ಹೋಗೋರು, ವಾರಗಟ್ಟಲೆ ಕೆಡೂದಿಲ್ಲ ಅಂತ. ಹಿಂದ ಒಮ್ಮೆ ಹೇಳದ ಕೇಳದ ಶ್ರೀಶೈಲಕ್ಕ ಪಾದಯಾತ್ರಿ ಹೊಂಟಬಿಟ್ಟಿದ್ರು. ಆವಾಗೂ ಖಡಕ್ ರೊಟ್ಟೀನ. ಕಾಲು ಬಾತು, ಮುಖಾ ಸಣ್ಣದು ಮಾಡಕೊಂಡು ಬಂದು ಕಟ್ಟಿಮ್ಯಾಲೆ ಕುಂತಿದ್ರು. ಈ ಸಲಾನೂ ಹಂಗ ಬರ್ತಾರ.

ಬರಲಿ. ಸ್ಟೀಲ್ ಡಬ್ಬಿಗೆ ನನ್ನ ಹಳೇ ಇಳಕಲ್ ಸೆರಗಿನ ತುಂಡು ಸುತ್ತಿ ಎರಡ ಗಂಟು ಹಾಕಿ ಕೊಟ್ಟೇನಿ. ನನ್ನ ಗಂಟು ಯಾರಿಗೂ ಲಗೂ ಬಿಚ್ಚಾಕ ಬರೂದಿಲ್ಲ. ಎಲ್ಲೋ ಗಿಡದ ಕೆಳಗ ಕುಂತು ನನಗ ಬೈಕೊಂತ ಬಿಚ್ಚಾಕತ್ತಿರ್ತಾರ. ಬಂದ ದಿನ ಈ ಡೈರಿ ಓದಿ ಹೇಳತೇನಿ, ನಿಮ್ಮ ಸಲುವಾಗಿ ಏನೇನ ಅನುಭೋಗಸೇನಿ ಕೇಳ್ರಿ ಅಂತ.

ಜೂನ್ 22, ಶನಿವಾರ

ನಿನ್ನೆ ಕಾರಹುಣ್ಣಿಮಿ ಆತು. ಹೋಳಿಗಿ ಮಾಡಿದೆ. ಓಣ್ಯಾಗಿನ ಹೆಣ್ಣಮಕ್ಕಳು ಮೂಗಿನ ಮ್ಯಾಲೆ ಬೆರಳ ಇಟ್ಟರು. ಇಟ್ಟಕೊಳ್ಲಿ. ಇವರ ಪಾಲಿಂದು ಮುಚ್ಚಿ ಇಟ್ಟೇನಿ. ಹಳಸಿದ್ರ ಎಮ್ಮಿಗೆ ಹಾಕಿ ಮತ್ತ ಮಾಡತೇನಿ.

ಜುಲೈ 4, ಗುರುವಾರ

ಗುಡದಪ್ಪನ್ನ ಶ್ರೀಶೈಲಕ್ಕ ಕಳಿಸಿದ್ದೆ. ಇವತ್ತ ಬಂದ. ಮಠದಾಗ, ಛತ್ರದಾಗ, ಹೊಳಿ ದಂಡ್ಯಾಗ ಎಲ್ಲಾ ಕಡೆ ಫೋಟೋ ತೋರಿಸಿದನಂತ, ಯಾರೂ ನೋಡಿಲ್ಲಂತ.

"ಮಂದ್ಯಾಗ ಮನಶೇರನ್ನ ಹುಡಕಾಕ ನಿನಗ ಬರೂದಿಲ್ಲ" ಅಂದೆ.

"ಹೌದು ವೈನಿ, ಬರೂದಿಲ್ಲ" ಅಂದ. ಜಗಳಾ ಆಡ್ತಾನ ಅಂತ ಮಾಡಿದ್ದೆ. ಹೂಂ ಅಂದುಬಿಟ್ಟ. ಅವನ ಕಣ್ಣು ಕೆಂಪಾಗಿದ್ವು, ಬಸ್ಸಿನ ಧೂಳಿಗೆ ಇರಬೇಕು. ನೀರ ಕಾಸಿ ಕೊಟ್ಟೆ, ಮೈ ತೊಳಕೊಂಡು ಉಂಡು ಹೋದ.

ಜುಲೈ 21, ರವಿವಾರ

ಇವತ್ತ ಸವತಿ ಮನಿಗೆ ಹೋಗಿದ್ದೆ.

ಮದಿವಿ ಆಗಿ ಕುಪ್ಪೇಲೂರಿಗೆ ಬಂದು ನಲವತ್ತ ವರ್ಷ ಆತು, ಒಮ್ಮೀನೂ ಆ ಗುಡ್ಡಾ ಹತ್ತಿದ್ದಿಲ್ಲ. ಇವರು ಕರದು ಕರದು ಸಾಕಾಗಿ ಬಿಟ್ಟಿದ್ರು. "ನನಗೇನು ಹೊಲದಾಗ ಅಡ್ಯಾಡಿದ್ದು ಸಾಲದೇನು?" ಅಂತಿದ್ದೆ. ಇವತ್ತ ಬಸ್ ಇಳದು ಸೈದಾಬಿ ಅಂಗಡಿ ಮುಂದ ನಿಂತೆ. ಆಕಿ ಗುಡ್ಡದ ಬುಡಕ್ಕ ಚಹಾ, ಮಿರ್ಚಿ ಭಜಿ ಮಾಡತಾಳ. ಸಕ್ಕರಿ ಬ್ಯಾನಿ ಇದ್ರೂ ಇವರು ಆಕಿ ಕಡೆ ಕದ್ದು ಸಿಹಿ ಚಹಾ ಕುಡೀತಾರ. ನನಗ ಗೊತ್ತಿಲ್ಲ ಅಂತ ತಿಳಕೊಂಡಾರ.

"ಪ್ರೇಮಕ್ಕಾ, ಒಬ್ಬಾಕಿ ಹತ್ತಬ್ಯಾಡ, ತಡಿ, ನಾನೂ ಬರ್ತೇನಿ" ಅಂತ ಸೈದಾಬಿ ಒಲಿ ಆರಿಸಿದಳು.

"ಹುಡಕಾಕ ಅಲ್ಲ ತಂಗಿ. ಸುಮ್ಮನ ನೋಡಿ ಬರ್ತೇನಿ. ಇವರು ಖಡಕ್ ರೊಟ್ಟಿ ಕಟಿಸಿಕೊಂಡು ಹೋಗ್ಯಾರ, ಇಲ್ಲೆಲ್ಲಿ ಇರ್ತಾರ?"

ಸೈದಾಬಿ ಸೆರಗಿಲೆ ಮುಖಾ ಒರಸಿಕೊಂಡು "ಚಹಾ ಆರತದ, ಕುಡಿ" ಅಂದ್ಲು. ಈಕಿಗೂ ನನ್ನ ಮಾತು ಪಟದಿಲ್ಲ.

ಬೋರ್ಡಿಗೆ ಸರಪಳಿ ಕಟ್ಟಿ ದಾರಿ ಬಂದ್ ಮಾಡ್ಯಾರ. ನಾವು ಕೆಳಗ ಬಗ್ಗಿ ದಾಟಿದ್ವಿ. ಕೆಂಪು ಗರಸು, ಕಾಲಿಟ್ಟಲ್ಲಿ ಜಾರತದ. ಅಲ್ಲಲ್ಲಿ ಕಲ್ಲಿಗೆ ಬಿಳೇ ಬಾಣದ ಗುರುತು. ಅದೂ ಇವರ ಕೈಯಿಂದು, ಬಾಣಾ ಬಗ್ಗಿದ್ದು ನೋಡಿದ್ರ ಗೊತ್ತಾಗತದ. ಮನ್ಯಾಗ ಒಂದು ರಂಗೋಲಿ ಎಳಿ ನೆಟ್ಟಗ ಹಾಕಾಕ ಬರದ ಕೈ. ಚಿಮಣಿ ಹತ್ರ ಬರೋದ್ರಾಗ ನನಗ ತೇಕು ಹತ್ತಿತು. ಕುಂತೆ. ಕೆಳಗ ಗೋವಿನಜೋಳದ ಹೊಲಾ ಹಸರ ಆಗಿದ್ವು, ನಮ್ಮ ಹೊಲದ ಬೇವಿನ ಗಿಡಾ ಸೈತ ಕಂಡಿತು. ಗುಡ್ಡ ಹತ್ತಿದ್ರೂ ಹೊಲಾ ಕಾಣತಿತ್ತಲ್ಲಾ ಈ ಮನಿಶ್ಯಾಗ, ನನಗ ಹೇಳಿದ್ದಿಲ್ಲ.

ಮೂರನೇ ಬಾವಿಗೆ ಹಳದಿ ಪಟ್ಟಿ ಕಟ್ಟ್ಯಾರ. ಅರ್ಧಾ ಬೇಲಿ ಹಂಗ ಐತಿ. "ನಿನ್ನ ಬಾಯಾಗ ಮಣ್ಣ ಬೀಳಲಿ!" ಅಂತ ಬೈದೆ. ಕಲ್ಲು ಒಗದೆ. ಭಾಳ ಹೊತ್ತಿನ ಮ್ಯಾಲೆ ಸಪ್ಪಳಾತು. ಸೈದಾಬಿ ನನ್ನ ರಟ್ಟಿ ಹಿಡಕೊಂಡು ಹಿಂದ ಎಳದಳು.

ಮನಿಗೆ ಬಂದು ನೋಡತೇನಿ, ಇಬ್ಬರಿಗೂ ಆಗುವಷ್ಟು ಹಿಟ್ಟು ಮುಂಜಾನೆನ ತಗದು ಇಟ್ಟಿದ್ದೆ.

ಆಗಸ್ಟ್ 9, ಶುಕ್ರವಾರ

ಪಂಚಮಿ. ಮಗಳು ಸುರೇಖಾ ಅಗಡಿಯಿಂದ ಬಂದಿದ್ಲು. ದಿನಾ ಬಸ್ಸಿಗೆ ಹಾವೇರಿಗೆ ನೌಕರಿಗೆ ಹೋಗಿ ಬರಾಕಿ, ಸೊರಗ್ಯಾಳ. ನಾ ಶೇಂಗಾ ಉಂಡಿ, ಎಳ್ಳುಂಡಿ ಎರಡೂ ಕಟ್ಟಿದ್ದೆ. ಇವರಿಗೆ ಎಳ್ಳುಂಡಿ ಅಂದ್ರ ಜೀವ.

"ಅವ್ವಾ, ಸ್ವಲ್ಪ ದಿನಾ ಅಗಡಿಗೆ ಬಾ" ಅಂದ್ಲು.

"ನಾ ಬರ್ತೇನಿ, ಅವರು ಬಂದು ಕೀಲಿ ಹಾಕಿದ ಬಾಗಲಾ ನೋಡಬೇಕೇನು?"

"ಅವ್ವಾ!" ಅಂದ್ಲು. ಆಮ್ಯಾಲೆ ಭಾಳ ಸಣ್ಣ ದನಿಲೆ, "ನಾ ಅಪ್ಪನ ಸಲುವಾಗಿ ಅಳಬೇಕೋ ಬ್ಯಾಡೋ ಅಷ್ಟರ ಹೇಳು. ನಿನ್ನ ಮುಂದ ಅಳಾಕ ಅಂಜಿಕಿ ಬರತದ. ಬಸ್ಸಿನಾಗ ಅಳತೇನಿ" ಅಂದ್ಲು.

ನಾ ಬೈದೆ. ಹಬ್ಬದ ದಿನಾ ಕಣ್ಣೀರ ಹಾಕ್ತಿ ಏನ ಅಂತ ಬೈದೆ. ಉಂಡಿ ಕಟ್ಟಿ ಕೊಟ್ಟೆ. ಆಕಿ ಬಸ್ ಹತ್ತಿದ ಮ್ಯಾಲೆ ಮನಿಗೆ ಬಂದು ಬಾಗಲಾ ಹಾಕೊಂಡೆ. ಏನ ಮಾಡಿದೆ ಅಂತ ಬರಿಯೂದಿಲ್ಲ.

ಆಗಸ್ಟ್ 22, ಗುರುವಾರ

ಫಾರೆಸ್ಟರ್ ಚೇತನಕುಮಾರ ಮನಿಗೆ ಬಂದಿದ್ದ. ಸಣ್ಣ ವಯಸ್ಸಿನಾಂವ. ಇವರನ್ನ ಕಾಕಾರ ಅಂತ ಕರೀತಿದ್ದ. ಕಟ್ಟಿಮ್ಯಾಲೆ ಕುಂತು ನೆಲಾ ನೋಡಕೊಂತ ಮಾತು ಎತ್ತಿದ.

"ಅವ್ವಾರ, ಮೂರನೇ ಬಾವಿ ತುಂಬಿಸಿ ಮುಚ್ಚಬೇಕು ಅಂತ ಮ್ಯಾಲಿನವರು ಹೇಳ್ಯಾರ್ರಿ. ದಂಡಿ ದಿನಾ ಜರೀತೈತಿ. ದನಾ ಮೇಸೋರು ಅಡ್ಯಾಡತಾರ. ಅದನ್ನ ಮುಚ್ಚಿದ ಮ್ಯಾಲೆನ ದಾರಿ ತಗಿಯೂದು. ನಿಮ್ಮನ್ನ ಕೇಳದ ನಾ ಮುಂದವರಿಯೂದಿಲ್ಲರಿ."

"ಕೇಳಿದಿ ಹೌದಲ್ಲೋ, ಬ್ಯಾಡ ಅಂದೆ."

"ಅವ್ವಾರ..."

"ಒಳಗ ಯಾರೂ ಇಲ್ಲ ಅಂತ ನಾ ಹೇಳತೇನಿ, ಇದ್ದಾರ ಅಂತ ನೀವು ಹೇಳತೀರಿ. ನಿಮ್ಮ ಮಾತ ಖರೇ ಇದ್ರ ಮ್ಯಾಲೆ ತಗದು ತೋರಸ್ರಿ. ನನ್ನ ಮಾತ ಖರೇ ಇದ್ರ ಮುಚ್ಚೂದು ಯಾಕ ಅವಸರ? ನೀವೆಂಥಾ ಮನಶೇರು, ಮನ್ಯಾಗಿನವರು ಒಳಗ ಇರಬೇಕಾದ್ರ ಬಾಗಲಾ ಮುಚ್ಚತಾರೇನು?"

ಹೇಳಿದ ಮ್ಯಾಲೆ ನನ್ನ ಮಾತು ನನಗ ತಿರಗಾ ಮುರಗಾ ಅನಿಸ್ತು. ಅಂವ ಚಹಾ ಕುಡದು ಕಪ್ಪು ತಾನ ತೊಳದಿಟ್ಟು ಹೋದ. ಅಷ್ಟು ಮರ್ಯಾದಿ ಮಾಡಿದ್ರ ಬೈಯಾಕ ಬಾಯಿ ಬರೂದಿಲ್ಲ.

ಸೆಪ್ಟೆಂಬರ್ 1, ರವಿವಾರ

ಗುಡ್ಡಕ್ಕ ಹೋಗಿದ್ದೆ.

ಸೆಪ್ಟೆಂಬರ್ 8, ರವಿವಾರ

ಹೋಗಿದ್ದೆ. ಗಣಪತಿ ಹಬ್ಬದ ಕಡಬು ಸೈದಾಬಿಗೆ ಕೊಟ್ಟೆ. ಮೂರನೇ ಬಾವಿ ಹತ್ರ ಎರಡು ಆಡು ಮೇಯಾಕತ್ತಿದ್ವು, ಓಡಿಸಿದೆ. ಮುಳ್ಳು ಹಂಗ ಬಿದ್ದಿತ್ತಲ್ಲ, ಕವಲಗೋಲಿಲೆ ಎತ್ತಿ ಎತ್ತಿ ಹಾಕಿ ಬೇಲಿ ಮುಗಿಸಿದೆ. ಅರ್ಧಾ ಬಿಟ್ಟ ಕೆಲಸಾ ನೋಡಿದ್ರ ನನಗ ಮದಲಿಂದ ಆಗಿಬರೂದಿಲ್ಲ. ಕೈ ತುಂಬ ಗೀರು.

ಸೆಪ್ಟೆಂಬರ್ 22, ರವಿವಾರ

ದಾವಣಗೆರೆಯಿಂದ ಗಂಡ ಹೆಂಡತಿ ಬಂದಿದ್ರು. ಸರಪಳಿ ದಾಟಿ ಹೋಗಿ ಎರಡನೇ ಬಾವಿ ಕಡೆ ದಾರಿ ತಪ್ಪಿ ನಿಂತಿದ್ರು. ಆ ಹೆಣ್ಣಮಗಳು ತುದೀಗೆ ನಿಂತು ಫೋಟೋ ತಗಸಾಕತ್ತಿದ್ಲು. "ಏ ತಂಗೀ, ಹಿಂದ ಸರಿ!" ಅಂತ ಒದರಿದೆ. ಅಂಜಿ ಸರದಳು. ಇಬ್ಬರನ್ನೂ ಚಿಮಣಿ ಮಟಾ ಕರಕೊಂಡು ಹೋಗಿ, ಬಂಗಲೆ ತೋರಿಸಿ, ಕೆಳಗ ತಂದು ಬಿಟ್ಟೆ. ಈ ಬಂಗಲೇದಾಗ ಯಾರ ಇದ್ರು ಅಂತ ಕೇಳಿದ್ರು. ಗಣಿ ನಡಸೋ ದೊರಿ ಇದ್ದ, ಮಳಿಗಾಲಕ್ಕ ಜ್ವರ ಬಂದು ಹೆಂಡತಿ ತೀರಿಕೊಂಡ ಮ್ಯಾಲೆ ಬಿಟ್ಟು ಹೋದ ಅಂತ ಅವರು ಹೇಳತಿದ್ರು, ಅಂತ ಹೇಳಿದೆ.

"ಅವರು ಅಂದ್ರ ಯಾರ್ರಿ?" ಅಂತ ಕೇಳಿದ್ಲು ಆ ಹೆಣ್ಣಮಗಳು.

"ಇಲ್ಲಿ ದಾರಿ ತೋರಸೋರು ಇದ್ರು" ಅಂದೆ.

ನಮ್ಮ ಮನಿಯವರು ಅನ್ನಬೇಕಿತ್ತು. ಯಾಕ ಅನ್ನಲಿಲ್ಲೋ.

ಅಕ್ಟೋಬರ್ 2, ಬುಧವಾರ

ಮಾನಮಿ ಅಮಾಸಿ. ಹಿರಿಯರಿಗೆ ಎಡಿ ಹಿಡಿಯೋ ದಿನಾ. ಗುಡದಪ್ಪನ ಮನ್ಯಾಗ ಎಡಿ. ಹೋಳಿಗಿ, ಕರಿಗಡಬು ಎಲ್ಲಾ ನಾನ ಹೋಗಿ ಮಾಡಿದೆ. ಜಗಲಿ ಮ್ಯಾಲೆ ಮಾವನವರದು ಧೋತರ, ಅತ್ತಿಯವರದು ಸೀರಿ ಮಡಚಿ ಇಟ್ಟಿದ್ರು. ಅದರ ಬಾಜೂಕ ಇನ್ನೊಂದು ಹೊಸಾ ಧೋತರ.

"ಇದು ಯಾರದು?" ಅಂದೆ.

"ವೈನಿ, ಸುಧಾರಾಣಿ ಮದಿವಿ ಮಾತು ಮುಂದ ಹೋಗದ ನಿಂತೈತಿ" ಅಂದ ಗುಡದಪ್ಪ. ಸುಧಾರಾಣಿ ಅವನ ಮಗಳು. "ಗಂಡಿನ ಕಡೆಯವರು ಕೇಳ್ತಾರ, ನಿಮ್ಮ ಮನ್ಯಾಗ ಆದದ್ದೇನು, ಆಗಿಲ್ಲದ್ದೇನು ಅಂತ. ನಾ ಏನ ಹೇಳಲಿ? ನನಗೂ ಅಣ್ಣ ಅಂವ. ಒಂದ ಹಿಡಿ ಮಣ್ಣರ ಹಾಕಬೇಕಲ್ಲಾ."

ನಾ ಆ ಧೋತರ ಕಸಕೊಂಡು ಬಂದೇನಿ. ಓಣಿ ತುಂಬ ಮಂದಿ ನೋಡಿದ್ರು. ಇಲ್ಲೇ ಮುಂದ ಐತಿ. ಅಂಚು ಚಲೋ ಐತಿ, ಹಸರ ಅಂಚು. ಗುಡದಪ್ಪ ಆರಿಸಿ ತಂದಾನ ಅಂತ ಕಾಣತದ.

ಮಾವನವರನ್ನ, ಅತ್ತಿಯವರನ್ನ ಹೊಲದಾಗ ಬೇವಿನ ಗಿಡದ ಬುಡಕ್ಕ ಮಣ್ಣಿಗೆ ಇಟ್ಟೇವಿ. ನಮ್ಮ ಕಡೆ ಹಂಗ, ಅವರವರ ಮಣ್ಣಾಗ ಅವರವರು. "ನನ್ನ ಜಾಗಾ ಅವ್ವನ ಬಾಜೂಕ, ನಿನ್ನದು ನನ್ನ ಬಾಜೂಕ, ಅಲ್ಲೂ ವಟವಟ ಹಚ್ಚಬ್ಯಾಡ" ಅಂತ ನಗಿಚಾಟಿಗಿ ಮಾಡತಿದ್ರು. ನಾ ಆ ಮಾತಿಗೆ ನಕ್ಕಿದ್ದೆ.

ಅಕ್ಟೋಬರ್ 27, ರವಿವಾರ

ಇವತ್ತಿಂದು ಬರಿಯಾಕ ಮನಸಿಲ್ಲ. ಆದ್ರೂ ಬರೀತೇನಿ.

ಚಿಮಣಿ ಹತ್ರ ಇದ್ದಾಗ ಮಳಿ ಹೊಡದುಬಿಡ್ತು. ಓಡಿ ಹೋಗಿ ಬಂಗಲೆ ಗೋಡಿ ಮರಿಗೆ ನಿಂತೆ. ಗೋಡಿಯೊಳಗ ದೀಪ ಇಡೋ ಮಾಡ ಅದಾವ. ಒಂದು ಮಾಡಕ್ಕ ಚಪ್ಪಟಿ ಕಲ್ಲು ಮುಚ್ಚಿತ್ತು. ನನಗ ನಗು ಬಂತು. ಮನ್ಯಾಗೂ ಹಂಗ ಮಾಡತಿದ್ರು, ಬೆಕ್ಕು ಬರತದ ಅಂತ ಮಾಡದಾಗ ಇಟ್ಟ ಬೆಲ್ಲಕ್ಕ ಕಲ್ಲು ಮುಚ್ಚಿ ಇಡತಿದ್ರು, ಮತ್ತ ಮರೀತಿದ್ರು. ಇಲ್ಲಿ ಮಂಗ್ಯಾಗೋಳಿಗೆ ಅಂಜಿ ಮುಚ್ಚ್ಯಾರ ಅಂತ ನಗಕೊಂತನ ಕಲ್ಲು ಸರಿಸಿದೆ.

ಡಬ್ಬಿ.

ನನ್ನ ಇಳಕಲ್ ಸೆರಗು. ಬಣ್ಣಾ ಸುದ್ದಾ ಹೋಗಿಲ್ಲ. ಎರಡ ಗಂಟು ನಾ ಹೆಂಗ ಹಾಕಿ ಕೊಟ್ಟಿದ್ದೆ ಹಂಗ ಅದಾವ. ಯಾರೂ ಬಿಚ್ಚಿಲ್ಲ.

ಬುತ್ತಿ ಇಲ್ಲೆ ಐತಿ. ಅವರು ಬುತ್ತಿ ಬಿಟ್ಟು ಎಲ್ಲಿಗೆ ಹೋದಾರು?

ಮಳಿ ನಿಂತದ್ದು ಗೊತ್ತಾಗಲಿಲ್ಲ. ಡಬ್ಬಿ ಉಡ್ಯಾಗ ಇಟಕೊಂಡು ಕೆಳಗ ಇಳದೆ. ಸೈದಾಬಿ ಬೆಂಚಿನ ಮ್ಯಾಲೆ ಇಟ್ಟೆ. ಆಕಿ ಕೈಯಾಗಿನ ಭಜಿ ಕರಿಯೋ ಝಾರಿ ಬಿಟ್ಟು ಅಲ್ಲೇ ನೆಲದ ಮ್ಯಾಲೆ ಕುಂತಳು.

"ನನಗ ಗೊತ್ತಿತ್ತು ಅಕ್ಕಾ" ಅಂದ್ಲು. "ಆ ರವಿವಾರ ಹುಬ್ಬಳ್ಳಿಯಿಂದ ಮಂದಿ ಬರೋರಿದ್ರು. ನಮ್ಮನ್ಯಾಕಿ ಕೈಯಾಗಿನ ಖಡಕ್ ರೊಟ್ಟಿ ತಿನಸ್ತೇನಿ ಅವರಿಗೆ, ಅಂಥಾದ್ದು ಹುಬ್ಬಳ್ಳ್ಯಾಗ ಎಲ್ಲಿ ಸಿಗತದ ಅಂತ ಅಂದಿದ್ರು ಅಣ್ಣಾರು. ಹೆಂಗೂ ಕೆಡೂದಿಲ್ಲ, ಮದಲ ಮ್ಯಾಲೆ ಒಯ್ದು ಇಟ್ಟಿರ್ತೇನಿ, ಬೇಲಿ ಹಾಕಿ ಬರ್ತೇನಿ ಅಂತ ಹೋದ್ರು."

"ಮತ್ತ ನನಗ ಯಾಕ ಹೇಳಲಿಲ್ಲ?"

"ನೀ ಆ ರೊಟ್ಟಿ ಹಿಡಕೊಂಡು ಜೀವಾ ಹಿಡಿದಿದ್ದಿ ಅಕ್ಕಾ. ಅದನ್ನ ನಾ ಹೆಂಗ ಕಸಗೋಳಲಿ?"

ಇಬ್ರೂ ಕೂಡಿ ಅತ್ವಿ. ಬಸ್ ಬಂತು, ಹೋತು.

ಅಕ್ಟೋಬರ್ 28, ಸೋಮವಾರ

ಸೈದಾಬಿ ಮ್ಯಾಲೆ ಸಿಟ್ಟು ಮಾಡಬೇಕು ಅಂತ ಮುಂಜಾನಿಂದ ಕುಂತೇನಿ, ಬರವಲ್ದು. ಅವರ ಮ್ಯಾಲೆ ಬರತದ. ನನ್ನ ರೊಟ್ಟಿ ಅಷ್ಟು ಚಲೋ ಇದ್ರ ನನ್ನ ಮುಂದ ಅನ್ನಬೇಕಿತ್ತು. ಹುಬ್ಬಳ್ಳಿ ಮಂದಿ ಮುಂದ ಹೊಗಳಾಕ ಬರತದ, ಸೈದಾಬಿ ಮುಂದ ಹೊಗಳಾಕ ಬರತದ. ನಲವತ್ತ ವರ್ಷ ನನ್ನ ಮುಂದ "ಉಪ್ಪು ಹೆಚ್ಚಾತು" ಬಿಟ್ರ ಬ್ಯಾರೆ ಮಾತಿಲ್ಲ. ಒಮ್ಮೆ ಅಂದಿದ್ರ ಏನ ಗಂಟು ಹೋಗತಿತ್ತು?

ಡಬ್ಬಿ ಬಿಚ್ಚಿಲ್ಲ.

ಅಕ್ಟೋಬರ್ 31, ಗುರುವಾರ

ಓಣ್ಯಾಗ ಪಟಾಕಿ. ಏನೂ ಬರಿಯಾಕ ಇಲ್ಲ.

ನವೆಂಬರ್ 6, ಬುಧವಾರ

ಸುರೇಖಾ ಬಂದಿದ್ಲು. ಆಕೀನ ತೊಡಿಮ್ಯಾಲೆ ಮಲಗಿಸಿಕೊಂಡು "ಅಳವ್ವಾ" ಅಂದೆ. ಸಣ್ಣ ಕೂಸಿನಂಗ ಅತ್ಲು.

ಆಮ್ಯಾಲೆ ಗುಡದಪ್ಪನ್ನ, ಚೇತನಕುಮಾರನ್ನ ಕರಸಿದೆ. ಬಾವಿ ಮುಚ್ಚರಿ ಅಂದೆ.

"ಆದ್ರ ಮದಲಿನ ಮಣ್ಣು ನಮ್ಮದು. ಅವರನ್ನ ನಾವು ಹೊಲಕ್ಕ ತರಾಕ ಆಗೂದಿಲ್ಲ. ಹೊಲಾನ ಅವರ ಕಡೆ ಒಯ್ಯೂಣು" ಅಂದೆ.

ಗುಡದಪ್ಪ ಎದ್ದು ಬಂದು ನನ್ನ ಕಾಲಿಗೆ ಬಿದ್ದ. ಹುಚ್ಚಪ್ಯಾಲಿ. ನಾ ಎತ್ತಿದೆ.

ನವೆಂಬರ್ 13, ಬುಧವಾರ

ಮುಂಜಾನೆ ಎಲ್ಲಾರೂ ಹೊಲಕ್ಕ ಹೋಗಿ ಬೇವಿನ ಗಿಡದ ಬುಡದಾಗ, ಅತ್ತಿಯವರ ಬಾಜೂಕ, ಎರಿ ಮಣ್ಣು ಅಗದ್ವಿ. ಬುಟ್ಟಿ, ಗೊಬ್ಬರದ ಚೀಲಾ, ಕೊಡಾ, ಯಾರ ಕೈಗೆ ಏನ ಸಿಕ್ಕಿತೋ ಅದರಾಗ ತುಂಬಿಕೊಂಡ್ವಿ. ಓಣ್ಯಾಗಿನವರೂ ಬಂದ್ರು. ನಾ ಕರದಿದ್ದಿಲ್ಲ. ಟ್ರ್ಯಾಕ್ಟರಿನ್ಯಾಗ ಗುಡ್ಡದ ಬುಡದ ಮಟಾ ಹೋಗಿ, ಅಲ್ಲಿಂದ ತಲಿಮ್ಯಾಲೆ ಹೊತ್ತು ಹತ್ತಿದ್ವಿ. ಅವರ ಬಗ್ಗಿದ ಬಾಣದ ಗುರುತು ಹಿಡಕೊಂಡು ಹತ್ತಿದ್ವಿ. ನಾ ಮುಂದ. ಎಲ್ಲಿ ಜಾರತದ, ಎಲ್ಲಿ ಕುಂದ್ರಬೇಕು ನನಗ ಗೊತ್ತೈತಿ.

ಅಯ್ಯನವರು ಬಾವಿಯೊಳಗ ವಿಭೂತಿ ಗಟ್ಟಿ, ಬಿಲ್ವಪತ್ರಿ ಬಿಟ್ಟರು. "ಮಣ್ಣಿಗೆ ಇಡೋ ಮುಂದ ಎಡಗೈಯಾಗ ಲಿಂಗಾ ಇಡಬೇಕು, ಅದು ಆಗಲಿಲ್ಲ" ಅಂತ ನಾ ಅಂದೆ. "ಕೊರಳಾಗ ಐತೆಲ್ಲವ್ವಾ, ಸಾಕು" ಅಂದ್ರು. ಹಸರ ಅಂಚಿನ ಧೋತರ ಗುಡದಪ್ಪನ ಕೈಯಿಂದ ಬಾವಿಯೊಳಗ ಬಿಡಿಸಿದೆ. ಗಾಳಿಗೆ ಒಂದ ಕಡೆ ಹೊಳ್ಳಿ, ಆಮ್ಯಾಲೆ ಕೆಳಗ ಇಳೀತು. ಗುಡದಪ್ಪನ ಹೆಂಡತಿ, ನನ್ನ ನೆಗೆಣ್ಣಿ, ನನ್ನ ಕೈಯಾಗಿನ ಬಳಿ ಕಡೆ ನೋಡಿದ್ಲು. "ಕೈ ಹಚ್ಚಬ್ಯಾಡ" ಅಂದೆ. ಹಚ್ಚಲಿಲ್ಲ.

ಮಣ್ಣು ಹಾಕೋ ಮುಂದ ನಾ ದಂಡೀಗೆ ಹೋಗಿ ಮಣಕಾಲೂರಿ ಕುಂತೆ. ಚೇತನಕುಮಾರ ನನ್ನ ಸೊಂಟಕ್ಕ ಹಗ್ಗಾ ಕಟ್ಟಿ ಹಿಡದಿದ್ದ. ಒಳಗ ನೋಡಿದ್ರ ಕತ್ತಲಿ. ಹೆಸರಿಲ್ಲದ ಹುಡಕೂದು ಹೆಂಗ ಅಂತ ಠಾಣೆದಾಗ ಅಂದಿದ್ರಲ್ಲ. ನಾ ಇಷ್ಟ ದಿನಾ ಒಮ್ಮೀನೂ ಹೆಸರು ಹಿಡದು ಕರದಿದ್ದಿಲ್ಲ.

"ನಾಗಪ್ಪಾ" ಅಂತ ಕರದೆ. ಒಡಪು ಇಲ್ಲದ. "ನಾಗಪ್ಪಾ, ನಿಮ್ಮ ಹೊಲಾ ತಂದೇನ್ರಿ."

ಮೂರ ಹಿಡಿ ಹಾಕಿದೆ. ಸುರೇಖಾ ಹಾಕಿದ್ಲು, ಗುಡದಪ್ಪ ಹಾಕಿದ. ಸೈದಾಬಿ ದೂರ ನಿಂತಿದ್ಲು. ಬಾ ಅಂತ ಕರದೆ. "ನಮ್ಮಾಗೂ ಮೂರ ಹಿಡೀನ ಅಕ್ಕಾ" ಅಂತ ಅಳಕೊಂತ ಹಾಕಿದ್ಲು. ಕೆಂಪು ಗುಡ್ಡದಾಗ ನಮ್ಮ ಕರೇ ಮಣ್ಣು ಬೀಳಾಕತ್ತಿತು. ಸಂಜಿ ಮಟಾ ಕೆಲಸದವರು ಕಲ್ಲು, ಗರಸು ತುಂಬಿದ್ರು. ನಾ ಅಲ್ಲೇ ಕುಂತಿದ್ದೆ. ಬೈಯಲಿಲ್ಲ.

ಡಿಸೆಂಬರ್ 1, ರವಿವಾರ

ಇವತ್ತ ದಾರಿ ತಗದ್ರು. ಮುಂದಿನ ವಾರ ಸುಧಾರಾಣಿ ನಿಶ್ಚಯ, ಅದರ ಕೆಲಸಾ ಭಾಳ ಐತಿ. ಆದ್ರೂ ಹೋಗಬೇಕಾತು. ಜೂನ್ ತಿಂಗಳದಾಗ ಬರಬೇಕಿದ್ದ ಹುಬ್ಬಳ್ಳಿ ಮಂದೀನ ಬಂದಿದ್ರು. ದಾರಿ ತೋರಸಾಕ ಯಾರೂ ಇಲ್ಲ, ಅವ್ವಾರ ನೀವ ಒಂದ ದಿನಾ ಬರ್ರಿ ಅಂತ ಚೇತನಕುಮಾರ ಫೋನ್ ಮಾಡಿದ್ದ. ಒಂದ ದಿನಾ ಅಂದಾನ, ಬರೋ ರವಿವಾರಕ್ಕೂ ಮಂದಿ ಅದಾರಂತ.

ಚಿಮಣಿ ತೋರಿಸಿದೆ, ಬಂಗಲೆ ತೋರಿಸಿದೆ. ಮೂರನೇ ಬಾವಿ ಇದ್ದಲ್ಲಿ ಕಲ್ಲಿನ ಕಟ್ಟಿ ಕಟ್ಟ್ಯಾರ. ಇದೇನ್ರಿ ಅಂತ ಒಬ್ಬಾಕಿ ಕೇಳಿದ್ಲು. "ನಮ್ಮ ಮನಿಯವರು" ಅಂದೆ. ಎಲ್ಲಾರೂ ಚಪ್ಪಲಿ ಬಿಟ್ಟು ನಿಂತ್ರು.

ಆಮ್ಯಾಲೆ ಗೋಡಿ ನೆರಳಾಗ ಕುಂದ್ರಿಸಿ ಬುತ್ತಿ ಇಟ್ಟೆ. ಅದ ಡಬ್ಬಿ, ತಿಕ್ಕಿ ತೊಳದೇನಿ. ಅದ ಸೆರಗು. ರೊಟ್ಟಿ ನಿನ್ನೆ ಬಡದದ್ದು. ಒಬ್ಬರಾದ ಮ್ಯಾಲೆ ಒಬ್ಬರು ಹೆಣಗಿದ್ರೂ ಗಂಟು ಬಿಚ್ಚಾಕ ಬರಲಿಲ್ಲ. ನಾನ ಬಿಚ್ಚಿದೆ.

ಇಂಥಾ ರೊಟ್ಟಿ ಹುಬ್ಬಳ್ಳ್ಯಾಗ ಸಿಗೂದಿಲ್ಲ ಅಂದ್ರು. ಶೇಂಗಾ ಚಟ್ನಿಗೆ ಉಪ್ಪು ಹೆಚ್ಚಾಗಿತ್ತು. ಯಾರೂ ಅನ್ನಲಿಲ್ಲ.